ಓಲೆಗರಿಯ ಕೊನೆಯ ಸಾಲು: ಲಿಪಿಕಾರರ ಪುಷ್ಪಿಕೆ ಓದುವವರಿಗೆ ಒಂದು ಮಾರ್ಗದರ್ಶಿ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆ ಶಾಸನ ಇದೆ. ಕ್ರಿ.ಪೂ. 3ನೇ ಶತಮಾನದ್ದು. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ಅರಸ ಹೇಳಬೇಕಾದ್ದೆಲ್ಲ ಮುಗಿದ ಮೇಲೆ ಅಲ್ಲಿ ಇನ್ನೊಂದು ಚಿಕ್ಕ ಮಾತು ಬರುತ್ತದೆ. ಇದನ್ನು ಬರೆದವನು ಚಪಡ ಎಂಬ ಲಿಪಿಕಾರ ಅಂತ. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಲಿಪಿಕಾರ ಎಂಬ ಒಂದು ಪದವನ್ನು ಮಾತ್ರ ಆತ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಓಡುವ ಲಿಪಿ. ಅದು ಬಳಕೆಯಲ್ಲಿದ್ದದ್ದು ದೂರದ ಗಾಂಧಾರದ ಕಡೆ. ಆ ಕಡೆಯ ಬರವಣಿಗೆ ಬಲ್ಲ ಒಬ್ಬನ ಕೈ ಈ ಬಂಡೆಯ ಹಿಂದೆ ಇತ್ತು ಎಂಬುದು ಆ ಒಂದೇ ಪದದಿಂದ ಗೊತ್ತಾಗುತ್ತದೆ. ಅಶೋಕನ ಧರ್ಮದ ಮಾತು ಬೇರೆ ಎಷ್ಟೋ ಕಡೆ ಸಿಗುತ್ತದೆ. ಚಪಡ ಸಿಗುವುದು ಇಂಥ ಕೊನೆಯ ಸಾಲಿನಲ್ಲಿ ಮಾತ್ರ.

ಓಲೆಗರಿಗಳಲ್ಲೂ ಹೀಗೇ. ಗ್ರಂಥ ಮುಗಿದ ಮೇಲೆ ಅದನ್ನು ನಕಲು ಮಾಡಿದವರು ತಮ್ಮದೊಂದು ಮಾತು ಸೇರಿಸುತ್ತಿದ್ದರು. ಯಾರು ಬರೆದದ್ದು, ಯಾರಿಗಾಗಿ, ಯಾವ ಊರಲ್ಲಿ, ಯಾವ ದಿನ ಮುಗಿಯಿತು, ತಪ್ಪಿದ್ದರೆ ಏನು ಮಾಡಬೇಕು, ಇಂಥವು. ಇದಕ್ಕೆ ಪುಷ್ಪಿಕೆ ಅನ್ನುತ್ತಾರೆ. ಇಡೀ ಕಟ್ಟಿನಲ್ಲಿ ನಕಲುಗಾರ ತನ್ನ ದನಿಯಲ್ಲಿ ಮಾತಾಡುವ ಜಾಗ ಇದೊಂದೇ. ಗ್ರಂಥದ ಮಾತು ಇನ್ನೊಂದು ಪ್ರತಿಯಲ್ಲೂ ಸಿಕ್ಕೀತು. ಈ ಮಾತು ಈ ಒಂದು ಗರಿ ಮುರಿದರೆ ಹೋಯಿತು. ಅದಕ್ಕೇ ಇದನ್ನು ಮೊದಲು ಓದಬೇಕು, ಮೊದಲು ಉಳಿಸಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ದಾವಣಗೆರೆ, ದುರ್ಗದ ಕಡೆ ಹಳೆಯ ಮನೆಗಳ ಅಟ್ಟದಲ್ಲಿ, ದೇವರ ಮನೆಯಲ್ಲಿ, ಚಿಕ್ಕಪುಟ್ಟ ಮಠಗಳಲ್ಲಿ ಇಂಥ ಕಟ್ಟುಗಳು ಇನ್ನೂ ಇವೆ. ಕೆಲವರು ಮಹಾನವಮಿಗೆ ಪೂಜೆ ಮಾಡಿ ಮತ್ತೆ ಒಳಗಿಡುತ್ತಾರೆ. ಅಂಥ ಕಟ್ಟು ಕೈಗೆ ಸಿಕ್ಕವರಿಗೆ, ಕನ್ನಡ ಅಥವಾ ಇತಿಹಾಸ ಓದುವ ಹುಡುಗ ಹುಡುಗಿಯರಿಗೆ ಈ ಲೇಖನ. ಇಡೀ ಗ್ರಂಥ ಓದಲು ಬರಬೇಕಾಗಿಲ್ಲ. ಹಳೆಯ ಅಕ್ಷರ ನಿಧಾನಕ್ಕೆ ಕೂಡಿಸಿ ಓದುವಷ್ಟು ತಾಳ್ಮೆ ಇದ್ದರೆ ಸಾಕು.

ಮುಟ್ಟುವ ಮುಂಚೆ

ಮೊದಲು ಮನೆಯವರ ಒಪ್ಪಿಗೆ. ಆಮೇಲೆ ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಒಂದು ಅಗಲವಾದ ಟೇಬಲ್ ಮೇಲೆ ಬಿಳಿ ಬಟ್ಟೆ ಹಾಸಿ. ನೆಲದ ಮೇಲೆ ಬೇಡ, ಫ್ಯಾನ್ ಕೆಳಗೆ ಬೇಡ. ದಾರ ಬಿಗಿಯಾಗಿದ್ದರೆ ಎಳೆಯಬೇಡಿ. ಗರಿಯ ತೂತು ಹರಿಯುವುದೇ ಆಗ. ಗರಿಗಳು ಒಂದಕ್ಕೊಂದು ಅಂಟಿದ್ದರೆ ಅಲ್ಲಿಗೇ ನಿಲ್ಲಿಸಿ. ಅದನ್ನು ಬಿಡಿಸುವುದು ಬಲ್ಲವರ ಕೆಲಸ.

ಎಣ್ಣೆ, ಅರಿಶಿನ, ಒದ್ದೆ ಬಟ್ಟೆ, ಯಾವುದೂ ಬೇಡ. ಸಂರಕ್ಷಣಾ ಕೇಂದ್ರಗಳಲ್ಲಿ ಗರಿಗಳಿಗೆ ಎಣ್ಣೆ ಸವರುವುದುಂಟು. ಅದಕ್ಕೆ ಅವರದೇ ಅಳತೆ, ಕ್ರಮ ಇದೆ. ನೋಡಿದ್ದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಪೂಜೆ ಮಾಡುವ ಮನೆಯಾದರೆ ಕುಂಕುಮ, ವಿಭೂತಿಯನ್ನು ಗರಿಯ ಮೇಲೆ ಹಚ್ಚದೆ ಸುತ್ತಿದ ಬಟ್ಟೆಗೆ ಹಚ್ಚಿ ಅಂತ ಹಿರಿಯರಿಗೆ ಸಮಾಧಾನದಿಂದ ಹೇಳಿ. ಭಕ್ತಿಗೆ ಕೊರತೆಯಾಗದ ಮಾತು ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕೊನೆಯ ಗರಿ ಯಾವುದು?

ಕಟ್ಟಿನ ತಳದಲ್ಲಿರುವ ಗರಿಯೇ ಕೊನೆಯ ಗರಿ ಅಂದುಕೊಳ್ಳಬೇಡಿ. ದಾರ ಬಿಚ್ಚಿ ಮತ್ತೆ ಪೋಣಿಸುವಾಗ ಗರಿಗಳು ಹಿಂದು ಮುಂದಾಗಿರುತ್ತವೆ. ಅಂಚಿನಲ್ಲಿ ಕನ್ನಡ ಅಂಕಿಯಲ್ಲಿ ಗರಿಯ ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಹೋಗಿ. ೬ ಮತ್ತು ೯ ಹಳೆಯ ಕೈಬರಹದಲ್ಲಿ ಒಂದೇ ಥರ ಕಾಣುವುದುಂಟು. ಹಿಂದಿನ, ಮುಂದಿನ ಗರಿ ನೋಡಿ ಖಚಿತ ಮಾಡಿಕೊಳ್ಳಿ.

ಒಂದೇ ಕಟ್ಟಿನಲ್ಲಿ ಒಂದಕ್ಕಿಂತ ಹೆಚ್ಚು ಕೃತಿ ಇರಬಹುದು. ವಚನ, ಹಾಡು, ವೈದ್ಯ, ಜ್ಯೋತಿಷ್ಯ ಎಲ್ಲ ಒಟ್ಟಿಗೆ ಪೋಣಿಸಿರುತ್ತಾರೆ. ಹಾಗಿದ್ದರೆ ಪ್ರತಿಯೊಂದರ ಕೊನೆಗೂ ಬೇರೆ ಪುಷ್ಪಿಕೆ ಇರಬಹುದು, ಬೇರೆ ಕೈಯದೂ ಇರಬಹುದು. ಮೊದಲ ಗರಿಯ ಹಿಂಬದಿ, ಕಾವಲಿಗೆ ಅಂತ ಹಾಕಿದ ಖಾಲಿ ಗರಿ, ಮರದ ಹಲಗೆಯ ಒಳಮೈ, ಇವನ್ನೂ ನೋಡಿ. ಕಟ್ಟಿನ ಹೊರಗಿನ ಗರಿ ಮೊದಲು ಸವೆಯುತ್ತದೆ, ಮೊದಲು ಹುಳ ತಿನ್ನುತ್ತದೆ. ಹಾಗಾಗಿ ಪುಷ್ಪಿಕೆಯ ತುಂಡು ಬಟ್ಟೆಯ ಮಡಿಕೆಯಲ್ಲಿ ಬಿದ್ದಿರಬಹುದು. ಪುಡಿ ಅಂತ ಕೊಡವಿ ಬಿಸಾಡಬೇಡಿ.

ಫೋಟೋ

ಇದರಲ್ಲಿ ಹೇಳುವುದು ಜಾಸ್ತಿ ಇಲ್ಲ. ಮೊಬೈಲ್ ಸಾಕು, ಫ್ಲ್ಯಾಶ್ ಬೇಡ. ಓಲೆಯ ಮೇಲಿನ ಅಕ್ಷರ ಕಂಟ ಎಂಬ ಚೂಪಾದ ಲೋಹದ ಕಡ್ಡಿಯಿಂದ ಕೊರೆದದ್ದು. ಕೊರೆದ ಮೇಲೆ ಮಸಿ ತುಂಬುತ್ತಾರೆ. ಎಷ್ಟೋ ಪುಷ್ಪಿಕೆಗಳಿಗೆ ಮಸಿಯೇ ತುಂಬಿರುವುದಿಲ್ಲ, ಅಥವಾ ಅಳಿಸಿಹೋಗಿರುತ್ತದೆ. ಆಗ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಗರಿಯ ಪಕ್ಕದಲ್ಲಿ ತೀರಾ ಕೆಳಗೆ ಹಿಡಿದು ಅಡ್ಡ ಬೆಳಕು ಬಿಡಿ. ಕೊರೆದ ಗೆರೆಗಳ ನೆರಳು ಏಳುತ್ತದೆ, ಕಾಣದ ಅಕ್ಷರ ಕಾಣುತ್ತದೆ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಬೆಳಕು ಹಾಯಿಸಿ ಬೇರೆ ಬೇರೆ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಗರಿಯ ಎರಡೂ ಮಗ್ಗುಲು ಬೇಕು.

ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಿ

ಇಲ್ಲಿ ನಾನು ಸ್ವಲ್ಪ ಹಟಮಾರಿ. ತಿದ್ದಬೇಡಿ. ‘ವೋದುವದು’ ಅಂತಿದ್ದರೆ ಹಾಗೇ ಬರೆಯಿರಿ, ‘ಓದುವುದು’ ಮಾಡಬೇಡಿ. ‘ಸಂಪೂರ್ನ’ ಅಂತಿದ್ದರೆ ಹಾಗೇ ಇರಲಿ. ಕಾಗುಣಿತ ನಮಗೆ ತಪ್ಪಾಗಿ ಕಂಡರೂ, ಆ ಮನುಷ್ಯ ಹೇಗೆ ಮಾತಾಡುತ್ತಿದ್ದ, ಎಲ್ಲಿ ಅಕ್ಷರ ಕಲಿತ ಎಂಬುದಕ್ಕೆ ಉಳಿದ ಸುಳಿವು ಅದೇ. ನೀವು ತಿದ್ದಿದ ಕ್ಷಣ ಅದು ಅಳಿಸಿಹೋಗುತ್ತದೆ. ತಿದ್ದಿದ ಓದು ಬೇಕಾದರೆ ಕೆಳಗೆ ಬೇರೆ ಸಾಲಿನಲ್ಲಿ ಬರೆಯಿರಿ.

ಓಲೆಯ ಬರವಣಿಗೆಯ ಕೆಲವು ರೂಢಿಗಳು ಗೊತ್ತಿದ್ದರೆ ತೊಡಕು ಕಡಿಮೆಯಾಗುತ್ತದೆ. ಪದ ಪದಗಳ ನಡುವೆ ಜಾಗ ಬಿಡುವುದಿಲ್ಲ. ಒತ್ತಕ್ಷರದ ಬದಲು ಸೊನ್ನೆ ಹಾಕುವುದು ಸಾಮಾನ್ಯ. ಕನ್ನಡ ಎಂಬುದು ‘ಕಂನಡ’ ಆಗಿರುತ್ತದೆ, ಅಣ್ಣ ‘ಅಂಣ’ ಆಗಿರುತ್ತಾನೆ. ಎ ಏ, ಒ ಓ ಇವುಗಳ ಹ್ರಸ್ವ ದೀರ್ಘ ಬೇರೆ ಮಾಡಿ ತೋರಿಸದ ಪ್ರತಿಗಳು ಬಹಳ. ಮಹಾಪ್ರಾಣ ಬೇಕಾದಲ್ಲಿ ಇರುವುದಿಲ್ಲ, ಬೇಡದಲ್ಲಿ ಬಂದಿರುತ್ತದೆ. ‘ಶಕ’ ಎಂಬುದು ‘ಶಖ’ ಆಗಿದ್ದರೆ ಗಾಬರಿಯಾಗಬೇಡಿ.

ಮುರಿದ ಜಾಗಕ್ಕೆ ಚೌಕ ಕಂಸದಲ್ಲಿ ಚುಕ್ಕಿ ಹಾಕಿ. ಎಷ್ಟು ಅಕ್ಷರ ಹೋಗಿರಬಹುದೋ ಅಷ್ಟು ಚುಕ್ಕಿ. ಅನುಮಾನದ ಅಕ್ಷರದ ಮುಂದೆ ಪ್ರಶ್ನೆಯ ಗುರುತು. ಊಹೆ ಮಾಡಿ ತುಂಬಿದ್ದನ್ನು ಓದಿದ್ದು ಅಂತ ಬರೆಯಬಾರದು.

ಯಾರ ಮಾತು ಇದು?

ಪುಷ್ಪಿಕೆ ಓದುವವರು ಹೆಚ್ಚು ಎಡವುವುದು ಇಲ್ಲಿ. ಕೊನೆಯ ಗರಿಯಲ್ಲಿ ಕವಿಯ ಮಾತು, ನಕಲುಗಾರನ ಮಾತು, ಕಟ್ಟಿನ ಒಡೆಯನ ಮಾತು ಮೂರೂ ಒಂದರ ಹಿಂದೆ ಒಂದು ಬಂದಿರಬಹುದು. ಬೇರ್ಪಡಿಸದೆ ಓದಿದರೆ ಹತ್ತನೇ ಶತಮಾನದ ಕವಿಯನ್ನು ಹದಿನೆಂಟನೇ ಶತಮಾನಕ್ಕೆ ತಂದು ಕೂರಿಸುತ್ತೀರಿ.

ಕವಿಯ ಮಾತು ಗ್ರಂಥದ ಭಾಗ. ಪಂಪನ ವಿಕ್ರಮಾರ್ಜುನವಿಜಯದಂಥ ಚಂಪೂಗಳಲ್ಲಿ ಪ್ರತಿ ಆಶ್ವಾಸದ, ಅಂದರೆ ಅಧ್ಯಾಯದ, ಕೊನೆಗೂ ಕವಿಯ ಬಿರುದು, ಕೃತಿಯ ಹೆಸರು ಹೇಳುವ ಗದ್ಯ ಬರುತ್ತದೆ. ಅದು ಯಾವ ಪ್ರತಿಯಲ್ಲಾದರೂ ಇರುತ್ತದೆ. ನಕಲುಗಾರನ ಮಾತು ಅದರ ನಂತರ ಶುರುವಾಗುತ್ತದೆ. ಭಾಷೆ ತಟ್ಟನೆ ಬದಲಾಗುತ್ತದೆ. ಹಳಗನ್ನಡ ಹೋಗಿ ಆಡುಮಾತು ಬರುತ್ತದೆ. ಒಡೆಯನ ಮಾತು ಇನ್ನೂ ಆಮೇಲಿನದು. ‘ಈ ಪುಸ್ತಕ ಇಂಥವರದು’ ಅಂತ ಬೇರೆ ಕೈಯಲ್ಲಿ, ಕೆಲವೊಮ್ಮೆ ಶಾಯಿಯಲ್ಲಿ ಬರೆದಿರುತ್ತದೆ.

ಇನ್ನೊಂದು ಸಂಗತಿ ನೆನಪಿಡಿ. ನಕಲುಗಾರ ತನ್ನ ಮುಂದಿದ್ದ ಪ್ರತಿಯನ್ನು ಪುಷ್ಪಿಕೆಯ ಸಮೇತ ನಕಲು ಮಾಡಿರಬಹುದು. ಆಗ ಅಲ್ಲಿರುವ ತಾರೀಕು ಈ ಗರಿಯದಲ್ಲ, ಇದರ ತಾಯಿಪ್ರತಿಯದು. ಎರಡು ತಾರೀಕು ಸಿಕ್ಕರೆ ಇದನ್ನು ಮೊದಲು ಯೋಚಿಸಿ. ಒಂದೇ ತಾರೀಕು ಇದ್ದು, ಗರಿ ಅದಕ್ಕಿಂತ ಹೊಸದಾಗಿ ಕಂಡರೂ ಇದನ್ನೇ ಯೋಚಿಸಿ.

ಬರೆದವರು ಬೇರೆ, ಬರೆಸಿದವರು ಬೇರೆ. ‘ಬರೆದ’, ‘ಬರಸಿದ’ ಎರಡರ ನಡುವೆ ಇರುವುದು ಒಂದೇ ಅಕ್ಷರ. ಕಣ್ಣು ಜಾರಬಾರದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಸಿದ್ದು ನಮಗೆಲ್ಲ ಗೊತ್ತು. ಆ ಸಾವಿರ ಪ್ರತಿ ಕೊರೆದ ಕೈಗಳ ಹೆಸರು ನಮಗೆ ಉಳಿದಿಲ್ಲ. ಚೀನಾದ ಡುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ ವಜ್ರಸೂತ್ರ ಎಂಬ ಬೌದ್ಧ ಗ್ರಂಥದ ಸುರುಳಿ ಅಚ್ಚಿನದು, ಕ್ರಿ.ಶ. 868ರದು. ತಂದೆ ತಾಯಿಯ ಹೆಸರಲ್ಲಿ, ಎಲ್ಲರಿಗೂ ಹಂಚಲಿಕ್ಕೆ ವಾಂಗ್ ಜೀ ಎಂಬಾತ ಮಾಡಿಸಿದ್ದು ಅಂತ ಅದರ ಕೊನೆಯಲ್ಲಿದೆ. ಅಲ್ಲೂ ಮಾಡಿಸಿದವನ ಹೆಸರು ಉಳಿಯಿತು, ಮರದ ಅಚ್ಚು ಕೆತ್ತಿದವನದು ಇಲ್ಲ. ಹಾಗಾಗಿ ಎರಡು ಹೆಸರು ಸಿಕ್ಕ ಪುಷ್ಪಿಕೆ ನಿಮ್ಮ ಕೈಗೆ ಬಂದರೆ ಅದು ದೊಡ್ಡ ಸಂಪತ್ತು.

ತಾರೀಕು ಬಿಡಿಸುವುದು

ನಿಧಾನವಾಗಿ ಮಾಡಬೇಕಾದ ಕೆಲಸ ಇದು, ಆದರೆ ಕಷ್ಟದ್ದೇನಲ್ಲ. ಅಭ್ಯಾಸಕ್ಕೆ ಅಂತ ನಾನೇ ಒಂದು ಪುಷ್ಪಿಕೆ ಕಟ್ಟಿದ್ದೇನೆ. ರೂಢಿಯ ಮಾತುಗಳನ್ನೇ ಬಳಸಿದ್ದೇನೆ:

‘ಶಾಲಿವಾಹನ ಶಖ ವರುಷ ೧೬೫೭ ನೆ ರಾಕ್ಷಸ ಸಂವತ್ಸರದ ಕಾರ್ತಿಕ ಶು ೫ ಶು ಲ್ಲು ಯಿಂಥಾ ವೂರ ಯಿಂಥವರ ಮಗ ಯಿಂಥವನು ಬರದು ಸಂಪೂರ್ನವಾಯಿತು ತಪ್ಪು ಯಿದ್ದರೆ ತಿದ್ದಿ ವೋದುವದು’

ಮೊದಲು ಶಕ ವರ್ಷಕ್ಕೆ 78 ಕೂಡಿಸಿ. 1657ಕ್ಕೆ 78 ಕೂಡಿಸಿದರೆ 1735. ಕಾರ್ತಿಕ ಬರುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ, ಆದ್ದರಿಂದ ಅದು 1735ರಲ್ಲೇ. ಮಾಘವೋ ಫಾಲ್ಗುಣವೋ ಆಗಿದ್ದರೆ 79 ಕೂಡಿಸಬೇಕು, ಯಾಕೆಂದರೆ ಅಷ್ಟರಲ್ಲಿ ಜನವರಿ ದಾಟಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಪುಷ್ಯ ಎರಡೂ ಕಡೆ ಬೀಳಬಹುದು. ಅದನ್ನು ಪಂಚಾಂಗ ನೋಡಿಯೇ ತೀರ್ಮಾನಿಸಿ.

ಎರಡನೆಯದು, ಸಂವತ್ಸರ ಹೊಂದುತ್ತದೆಯೇ ನೋಡಿ. ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಸಂವತ್ಸರದ ಕ್ರಮಸಂಖ್ಯೆ. 1 ಉಳಿದರೆ ಪ್ರಭವ, 2 ಉಳಿದರೆ ವಿಭವ, ಏನೂ ಉಳಿಯದಿದ್ದರೆ ಅಕ್ಷಯ. 1657 ಮತ್ತು 12 ಸೇರಿ 1669. ಅರವತ್ತರಿಂದ ಭಾಗಿಸಿದರೆ 49 ಉಳಿಯುತ್ತದೆ. ನಲವತ್ತೊಂಬತ್ತನೆಯದು ರಾಕ್ಷಸ. ಹೊಂದಿತು.

ಒಂದು ವರ್ಷದ ವ್ಯತ್ಯಾಸ ಬಂದರೆ ಕೂಡಲೇ ತಪ್ಪು ಅನ್ನಬೇಡಿ. ಕೆಲವರು ಪೂರ್ತಿ ಮುಗಿದ ವರ್ಷಗಳನ್ನು ಮಾತ್ರ ಎಣಿಸುತ್ತಿದ್ದರು, ಕೆಲವರು ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸುತ್ತಿದ್ದರು. ಪುಷ್ಪಿಕೆಯಲ್ಲಿ ೧೬೫೮, ರಾಕ್ಷಸ ಅಂತಿದ್ದರೆ ಎರಡನೆಯ ಲೆಕ್ಕ ಇರಬೇಕು. ವ್ಯತ್ಯಾಸ ಇನ್ನೂ ಜಾಸ್ತಿ ಇದ್ದರೆ ನಾನು ಅಂಕಿಗಿಂತ ಸಂವತ್ಸರದ ಹೆಸರನ್ನೇ ನಂಬುತ್ತೇನೆ. ಯುಗಾದಿಗೆ ಪಂಚಾಂಗ ಕೇಳಿ ಬಂದವರ ಬಾಯಲ್ಲಿ ವರ್ಷವಿಡೀ ಇರುತ್ತಿದ್ದದ್ದು ಆ ಹೆಸರು. ಅಂಕಿ ನಕಲಿನಲ್ಲಿ ಕೆಡುವುದು ಸುಲಭ.

ಮೂರನೆಯದು, ‘ಶು ೫ ಶು’. ಮೊದಲ ಶು ಅಂದರೆ ಶುದ್ಧ ಪಕ್ಷ, ಎರಡನೆಯ ಶು ಅಂದರೆ ಶುಕ್ರವಾರ. ತಿಥಿಯ ಅಂಕಿಯ ಮುಂಚೆ ಬಂದದ್ದು ಪಕ್ಷ, ನಂತರ ಬಂದದ್ದು ವಾರ. ಬಹುಳಕ್ಕೆ ಬ. ವಾರಗಳಿಗೆ ಆ, ಸೋ, ಮಂ, ಬು, ಗು ಅಥವಾ ಬೃ, ಶು, ಶ. ಕೊನೆಯ ಲ್ಲು ಅಂದರೆ ಆ ದಿನದಲ್ಲಿ ಅಂತ.

ಈಗ ತಿಥಿ ಮತ್ತು ವಾರ ಒಂದೇ ದಿನ ಕೂಡುತ್ತವೆಯೇ ಪರೀಕ್ಷಿಸಿ. ಇದಕ್ಕೆ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆ ಅವರು 1922ರಲ್ಲಿ ಪ್ರಕಟಿಸಿದ ಪಂಚಾಂಗ ಕೋಷ್ಟಕಗಳಿವೆ. ಕ್ರಿ.ಶ. 700ರಿಂದ 1799ರವರೆಗಿನ ದಿನಗಳು ಅಲ್ಲಿವೆ. ಅದರ ನಂತರದ ತಾರೀಕಿಗೆ ಕಂಪ್ಯೂಟರ್ ಪಂಚಾಂಗ ಬಳಸಬಹುದು. ಒಂದು ದಿನ ಆಚೀಚೆ ಆದರೆ ಪರವಾಗಿಲ್ಲ. ತಿಥಿ ಸೂರ್ಯೋದಯಕ್ಕೇ ಶುರುವಾಗಬೇಕು ಅಂತಿಲ್ಲವಲ್ಲ. ಮೂರು ನಾಲ್ಕು ದಿನ ದೂರ ಹೋದರೆ ವರ್ಷವನ್ನೇ ಮತ್ತೆ ನೋಡಬೇಕು.

ಶಕ ವರ್ಷವೇ ಇಲ್ಲದ ಪುಷ್ಪಿಕೆಗಳೂ ಬಹಳ. ಬರೀ ರಾಕ್ಷಸ ಸಂವತ್ಸರ ಅಂತಿರುತ್ತದೆ. ಆಗ 1675, 1735, 1795, 1855 ಎಲ್ಲವೂ ಸಾಧ್ಯ. ಪ್ರತಿ ವರ್ಷಕ್ಕೂ ತಿಥಿ ವಾರ ಹಾಕಿ ನೋಡಿದರೆ ಕೆಲವು ಬಿದ್ದುಹೋಗುತ್ತವೆ. ಉಳಿದದ್ದನ್ನು ಅಕ್ಷರದ ಆಕಾರ, ಅಲ್ಲಿ ಬರುವ ಅರಸನ ಹೆಸರು, ಗುರುವಿನ ಹೆಸರು ನೋಡಿ ಕಡಿಮೆ ಮಾಡಿ. ಉದಾಹರಣೆಗೆ ದುರ್ಗದ ಕೊನೆಯ ಮದಕರಿ ನಾಯಕನ ಆಳ್ವಿಕೆ 1754ರಿಂದ 1779ರವರೆಗೆ. ಆತ ಆಳುತ್ತಿದ್ದಾನೆ ಅಂತ ಪುಷ್ಪಿಕೆ ಹೇಳಿದರೆ ಎರಡೂ ಕಡೆ ಬೇಲಿ ಸಿಕ್ಕಂತಾಯಿತು. ಅದೇ ಹೆಸರಿನ ನಾಯಕರು ಹಿಂದೆಯೂ ಇದ್ದರು ಎಂಬುದು ಮಾತ್ರ ನೆನಪಿರಲಿ. ಯಾವುದೂ ಸಿಗದಿದ್ದರೆ ಸಾಧ್ಯ ಇರುವ ವರ್ಷಗಳನ್ನೆಲ್ಲ ಬರೆದಿಡಿ. ಒಂದನ್ನು ಆರಿಸಲೇಬೇಕು ಅಂತ ಯಾರೂ ಹೇಳಿಲ್ಲ.

ವಿದ್ವಾಂಸ ನಕಲುಗಾರರು ವರ್ಷವನ್ನು ಪದಗಳಲ್ಲಿ ಹೇಳುವುದೂ ಉಂಟು. ಚಂದ್ರ ಅಂದರೆ 1, ನೇತ್ರ 2, ಅಗ್ನಿ 3, ವೇದ 4, ಬಾಣ 5, ಋತು 6, ಗಿರಿ 7, ಗಜ 8, ನಿಧಿ 9, ಆಕಾಶ 0. ಇದನ್ನು ಬಲದಿಂದ ಎಡಕ್ಕೆ ಜೋಡಿಸಬೇಕು. ‘ಗಿರಿ ಬಾಣ ಋತು ಚಂದ್ರ’ ಅಂತಿದ್ದರೆ 7, 5, 6, 1. ತಿರುಗಿಸಿದರೆ 1657. ಇಲ್ಲೂ ಸಂವತ್ಸರದ ಪರೀಕ್ಷೆ ಬಿಡಬೇಡಿ.

ಅರಬ್ಬಿ, ಫಾರ್ಸಿ ಹಸ್ತಪ್ರತಿ ಸಿಕ್ಕರೆ ಹಿಜರಿ ವರ್ಷ ಇರುತ್ತದೆ. ಅದು ಚಾಂದ್ರಮಾನ, ಇಂಗ್ಲಿಷ್ ವರ್ಷಕ್ಕಿಂತ ಚಿಕ್ಕದು. ಅಂದಾಜಿಗೆ ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿ. ಹಿಜರಿ 1193 ಹಾಕಿದರೆ 1779 ಬರುತ್ತದೆ. ದುರ್ಗ ಹೈದರನ ಕೈಸೇರಿದ ವರ್ಷ ಅದು.

ರೂಢಿಯ ಮಾತನ್ನು ಕಡೆಗಣಿಸಬೇಡಿ

ಪುಷ್ಪಿಕೆಯ ಅರ್ಧಕ್ಕರ್ಧ ಮಾತು ಎಲ್ಲರೂ ಬರೆಯುವ ಮಾತು. ಅದಕ್ಕೇ ಎಷ್ಟೋ ಹಸ್ತಪ್ರತಿ ಸೂಚಿಗಳಲ್ಲಿ, ಅಂದರೆ ಪಟ್ಟಿಗಳಲ್ಲಿ, ‘ಇತ್ಯಾದಿ’ ಅಂತ ಬಿಟ್ಟುಬಿಡುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಎಲ್ಲರೂ ಹೇಳುವ ಮಾತು ಗೊತ್ತಿದ್ದರೆ ತಾನೇ ಈತ ಬೇರೆ ಏನು ಹೇಳಿದ ಅಂತ ಗೊತ್ತಾಗುವುದು?

ತಪ್ಪಿನ ಹೊಣೆ ಜಾರಿಸುವ ಶ್ಲೋಕ ಎಲ್ಲ ಕಡೆ ಸಿಗುತ್ತದೆ:

ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ |
ಯದಿ ಶುದ್ಧಮಶುದ್ಧಂ ವಾ ಮಮ ದೋಷೋ ನ ವಿದ್ಯತೇ ||

ನೋಡಿದ ಪುಸ್ತಕ ಹೇಗಿತ್ತೋ ಹಾಗೆ ಬರೆದಿದ್ದೇನೆ, ಸರಿಯೋ ತಪ್ಪೋ, ದೋಷ ನನ್ನದಲ್ಲ ಅಂತ. ಇನ್ನೊಂದು ದಣಿವಿನದು:

ಭಗ್ನಪೃಷ್ಠಕಟಿಗ್ರೀವಃ ಸ್ತಬ್ಧದೃಷ್ಟಿರಧೋಮುಖಃ |
ಕಷ್ಟೇನ ಲಿಖಿತಂ ಗ್ರಂಥಂ ಯತ್ನೇನ ಪರಿಪಾಲಯೇತ್ ||

ಬೆನ್ನು, ಸೊಂಟ, ಕತ್ತು ಮುರಿದುಹೋಗಿವೆ, ಕಣ್ಣು ನೆಟ್ಟುಹೋಗಿದೆ, ತಲೆ ಬಗ್ಗಿಸಿಯೇ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡಿ ಅಂತ. ಮೂರನೆಯದರಲ್ಲಿ ಪುಸ್ತಕವೇ ಮಾತಾಡುತ್ತದೆ. ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ, ಮೂರ್ಖರ ಕೈಗೆ ಕೊಡಬೇಡಿ ಅಂತ.

ಇವನ್ನು ಎರಡು ರೀತಿ ಬಳಸಿಕೊಳ್ಳಬಹುದು. ಒಂದು, ಬಾಯಿಪಾಠದ ಶ್ಲೋಕವನ್ನು ಆತ ಹೇಗೆ ಬರೆದಿದ್ದಾನೆ ನೋಡಿ. ಕನ್ನಡ ಗ್ರಂಥ ಶುದ್ಧವಾಗಿದ್ದು ಶ್ಲೋಕ ಮಾತ್ರ ಪದ ಪದಕ್ಕೂ ಕೆಟ್ಟಿದ್ದರೆ, ಸಂಸ್ಕೃತ ಕಿವಿಯಿಂದ ಕಲಿತವನು, ಕನ್ನಡ ಪಳಗಿದ ಕೈ ಅಂತ ಅಂದಾಜು ಮಾಡಬಹುದು. ಎರಡು, ರೂಢಿಯ ದಾರಿ ಬಿಟ್ಟು ಎಲ್ಲಿ ಹೊರಳುತ್ತಾನೆ ಹುಡುಕಿ. ‘ತಪ್ಪಿದ್ದರೆ ತಿದ್ದಿ ಓದುವುದು’ ಎಂಬಲ್ಲಿಗೆ ನಿಲ್ಲದೆ, ತಾಯಿಪ್ರತಿಯಲ್ಲಿ ಇಂಥ ಗರಿ ಇರಲಿಲ್ಲ ಅಂತ ಒಂದು ಮಾತು ಸೇರಿಸಿದ್ದರೆ, ಗ್ರಂಥ ಸಂಪಾದನೆ ಮಾಡುವವರಿಗೆ ಅದು ಬಂಗಾರ.

ಬೇರೆ ನಾಡಿನ ಲಿಪಿಕಾರರ ಜೊತೆ ಹೋಲಿಸಿ ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಯುರೋಪಿನ ಲ್ಯಾಟಿನ್ ಹಸ್ತಪ್ರತಿಗಳಲ್ಲಿ ‘ಮೂರು ಬೆರಳು ಬರೆಯುತ್ತವೆ, ಇಡೀ ಮೈ ದಣಿಯುತ್ತದೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಗ್ರೀಕ್ ಲಿಪಿಕಾರರು, ಪರದೇಶದಲ್ಲಿದ್ದವರು ತಮ್ಮ ನಾಡು ಕಂಡು ಹಿಗ್ಗುವ ಹಾಗೆ ಬರೆಯುವವರು ಪುಸ್ತಕದ ಕೊನೆ ಕಂಡು ಹಿಗ್ಗುತ್ತಾರೆ ಅಂತ ಬರೆಯುತ್ತಿದ್ದರು. ನಮ್ಮ ಭಗ್ನಪೃಷ್ಠದವನಿಗೂ ಇವರಿಗೂ ಪರಿಚಯವೇ ಇರಲಿಲ್ಲ. ಆದರೂ ನೋವು ಒಂದೇ ಕಡೆ ಕೂತಿದೆ, ಅಲ್ವಾ?

ಶಾಪವೂ ಹಾಗೇ. ಕ್ರಿ.ಪೂ. 7ನೇ ಶತಮಾನದಲ್ಲಿ ನಿನೆವೆಯಲ್ಲಿ ಅಸ್ಸೀರಿಯಾದ ಅರಸ ಅಶ್ಶೂರ್‌ಬನಿಪಾಲನ ಗ್ರಂಥಾಲಯ ಇತ್ತು. ಅಲ್ಲಿನ ಮಣ್ಣಿನ ಹಲಗೆಗಳ ಕೊನೆಯಲ್ಲಿ, ಇದನ್ನು ಒಯ್ದು ತನ್ನ ಹೆಸರು ಬರೆದುಕೊಳ್ಳುವವನಿಗೆ ದೇವರ ಕೋಪ ತಟ್ಟಲಿ ಅಂತ ಇರುತ್ತದೆ. ಹೋಲಿಕೆಗೆ ದೂರ ಹೋಗಬೇಕಾಗಿಲ್ಲ. ನಮ್ಮ ಕಲ್ಲಿನ ದಾನಶಾಸನಗಳ ಕೊನೆಯಲ್ಲಿ ಬರುವ, ವಾರಣಾಸಿಯಲ್ಲಿ ಕವಿಲೆಯ (ಹಸುವನ್ನು) ಕೊಂದ ಪಾಪದ ಮಾತು ನೆನಪಿಸಿಕೊಳ್ಳಿ. ಅಸ್ಸೀರಿಯಾದ ಶಾಪ ಪುಸ್ತಕಕ್ಕೆ ಕಾವಲು, ನಮ್ಮ ಶಾಸನದ ಶಾಪ ಭೂಮಿಗೆ ಕಾವಲು. ನಿಮ್ಮ ಓಲೆಯಲ್ಲಿ ಶಾಪ ಇದ್ದರೆ ಅದು ಯಾವುದನ್ನು ಕಾಯುತ್ತಿದೆ ಕೇಳಿಕೊಳ್ಳಿ. ಪ್ರತಿಯನ್ನೋ, ಮಠದ ಸ್ವತ್ತನ್ನೋ?

ಆರ್ಮೇನಿಯಾದ ಲಿಪಿಕಾರರನ್ನು ನಾನು ಬಹಳ ಗೌರವಿಸುತ್ತೇನೆ. ಅವರ ಪುಷ್ಪಿಕೆಗಳು ಪುಟಗಟ್ಟಲೆ ಹೋಗುತ್ತವೆ. ದಂಡೆತ್ತಿ ಬಂದವರು, ಭೂಕಂಪ, ತೆರಿಗೆಯ ಕಾಟ ಎಲ್ಲವನ್ನೂ ಬರೆದಿಟ್ಟರು. ಆ ನಾಡಿನ ಚರಿತ್ರೆ ಬರೆಯುವವರು ಈಗಲೂ ಅದನ್ನು ಆಧಾರವಾಗಿ ಹಿಡಿಯುತ್ತಾರೆ. ನಮ್ಮಲ್ಲಿ ಅಷ್ಟು ಉದ್ದ ಬರೆಯುವ ರೂಢಿ ಇಲ್ಲ. ಆದರೂ ಬರ, ಮಳೆ, ರೋಗ, ದಂಡಿನ ಸುದ್ದಿ ಒಂದು ಪದದಲ್ಲಾದರೂ ನುಸುಳಿದೆಯೇ ಅಂತ ಕಣ್ಣಿಟ್ಟು ನೋಡಿ.

ಅರಬ್ಬಿ ಲಿಪಿಕಾರರು ತಮ್ಮನ್ನು ‘ಬಡ ದಾಸ’ ಅಂತ ಕರೆದುಕೊಳ್ಳುತ್ತಾರೆ. ಕೊನೆಯ ಸಾಲುಗಳನ್ನು ಕಿರಿದು ಮಾಡುತ್ತ ಬಂದು ತ್ರಿಕೋನದ ಆಕಾರದಲ್ಲಿ ಮುಗಿಸುತ್ತಾರೆ. ನಮ್ಮವರು ಗುರುವಿನ ಪಾದಸೇವಕ ಅನ್ನುತ್ತಾರೆ. ಇದು ವಿನಯದ ಮಾತು. ಇದನ್ನು ಹಿಡಿದು ಆತ ಬಡವನಾಗಿದ್ದ, ಆಳಾಗಿದ್ದ ಅಂತ ತೀರ್ಮಾನಿಸಬಾರದು. ಹಾಗೇ ಆರಂಭದ ವಂದನೆ ನೋಡಿ ಲಿಪಿಕಾರನ ಮತ ಹೇಳಲು ಹೋಗಬೇಡಿ. ‘ಶ್ರೀ ಗುರು ಬಸವಲಿಂಗಾಯ ನಮಃ’ ಎಂಬುದು ಬರೆಸಿದವರ ನಂಬಿಕೆ ಇರಬಹುದು, ತಾಯಿಪ್ರತಿಯಲ್ಲಿ ಇದ್ದದ್ದೂ ಇರಬಹುದು. ಜೈನರ ‘ವೀತರಾಗಾಯ ನಮಃ’ ಇದ್ದ ಪ್ರತಿಗೂ ಇದೇ ಮಾತು.

ಊರು ಮತ್ತು ಹೆಸರು

ಊರಿನ ಹೆಸರು ಸಿಕ್ಕರೆ ಈಗಿನ ಹೆಸರಿನ ಜೊತೆ ಕೂಡಲೇ ಜೋಡಿಸಬೇಡಿ. ಒಂದೇ ಹೆಸರಿನ ಹಳ್ಳಿಗಳು ನಮ್ಮ ಎರಡು ಜಿಲ್ಲೆಗಳಲ್ಲೇ ಎಷ್ಟೋ ಇವೆ. ಪಕ್ಕದಲ್ಲಿ ಸೀಮೆ, ನಾಡು, ಹೋಬಳಿ, ನದಿ, ದೇವರ ಹೆಸರು ಇದೆಯೇ ನೋಡಿ. ಹರಿಹರೇಶ್ವರ ಸನ್ನಿಧಿ ಅಂತಿದ್ದರೆ ತುಂಗಭದ್ರೆಯ ದಡದ ಹರಿಹರ ಅನ್ನಲು ಗಟ್ಟಿ ಆಧಾರ ಸಿಕ್ಕಿತು. ಬರೀ ಹೊಸಹಳ್ಳಿ ಅಂತಿದ್ದರೆ ಸುಮ್ನೆ ಹೊಸಹಳ್ಳಿ ಅಂತಲೇ ಬರೆದಿಡಿ.

ಅದೇ ಹೆಸರಿನ ಲಿಪಿಕಾರ ಬೇರೆ ಪ್ರತಿ ಬರೆದಿದ್ದಾನೆಯೇ ಅಂತ ಹಸ್ತಪ್ರತಿ ಸೂಚಿಗಳಲ್ಲಿ ಹುಡುಕಿ. ಮೈಸೂರಿನಲ್ಲಿ 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ, ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಇಲ್ಲೆಲ್ಲ ಸಂಗ್ರಹಗಳಿವೆ. ಒಂದೇ ಕೈ ಎರಡು ಊರಿನ ಪ್ರತಿಗಳಲ್ಲಿ ಕಂಡರೆ ಮಠದಿಂದ ಮಠಕ್ಕೆ ಗ್ರಂಥ ಹೇಗೆ ಹೋಯಿತು ಎಂಬ ದಾರಿ ತೆರೆಯುತ್ತದೆ.

ಫ.ಗು. ಹಳಕಟ್ಟಿ ಅವರು ಊರೂರು ತಿರುಗಿ ಕೂಡಿಸಿದ ಇಂಥ ಕಟ್ಟುಗಳಿಂದಲೇ 1923ರಲ್ಲಿ ವಚನಶಾಸ್ತ್ರಸಾರ ಹೊರಬಂತು. ಒಂದೇ ವಚನಕ್ಕೆ ನಾಲ್ಕು ಪಾಠ, ಅಂದರೆ ನಾಲ್ಕು ಬೇರೆ ರೂಪ, ಸಿಕ್ಕಾಗ ಯಾವುದನ್ನು ಹಿಡಿಯಬೇಕು ಎಂಬಲ್ಲಿ ಪುಷ್ಪಿಕೆಯ ತಾರೀಕು ಕೆಲಸಕ್ಕೆ ಬರುತ್ತದೆ. ಆದರೆ ಹಳೆಯ ಪ್ರತಿ ಎಂದರೆ ಒಳ್ಳೆಯ ಪ್ರತಿ ಅಂತಲ್ಲ. ಒಳ್ಳೆಯ ತಾಯಿಪ್ರತಿ ನೋಡಿ ಇತ್ತೀಚೆಗೆ ಬರೆದದ್ದು, ಕೆಟ್ಟದ್ದನ್ನು ನೋಡಿ ಹಿಂದೆ ಬರೆದದ್ದಕ್ಕಿಂತ ಎಷ್ಟೋ ಮೇಲು. ತಾಯಿಪ್ರತಿ ಯಾವುದು ಅಂತ ಹೇಳುವ ಪುಷ್ಪಿಕೆಗೆ ಬರೀ ತಾರೀಕು ಹೇಳುವ ಪುಷ್ಪಿಕೆಗಿಂತ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ದಾಖಲೆ ಮಾಡಿ ಒಪ್ಪಿಸುವುದು

ಪ್ರತಿ ಪುಷ್ಪಿಕೆಗೂ ಒಂದು ಹಾಳೆ ಮಾಡಿ. ಕೃತಿಯ ಹೆಸರು, ಗರಿಯ ಸಂಖ್ಯೆ, ಅಳತೆ, ಫೋಟೋದ ಸಂಖ್ಯೆ ಮೇಲೆ ಬರಲಿ. ಕೆಳಗೆ ಇದ್ದ ಹಾಗೆ ಬರೆದುಕೊಂಡ ಪಾಠ, ಅದರ ಕೆಳಗೆ ತಿದ್ದಿದ ಓದು. ತಾರೀಕನ್ನು ಪುಷ್ಪಿಕೆಯ ಮಾತಲ್ಲೇ ಒಮ್ಮೆ, ಲೆಕ್ಕ ಹಾಕಿದ ಇಂಗ್ಲಿಷ್ ತಾರೀಕು ಒಮ್ಮೆ, ಲೆಕ್ಕ ಹೇಗೆ ಮಾಡಿದಿರಿ ಎಂಬುದೂ ಇರಲಿ. ನಾಳೆ ಇನ್ನೊಬ್ಬರು ನಿಮ್ಮ ಲೆಕ್ಕ ಪರೀಕ್ಷೆ ಮಾಡಬೇಕು. ಓದಿದ್ದು ಯಾವುದು, ಊಹಿಸಿದ್ದು ಯಾವುದು ಬೇರೆ ಬೇರೆ ಕಾಣಲಿ.

ಮನೆಯವರು ಕಟ್ಟು ಕೊಡಲು ಒಪ್ಪದಿದ್ದರೆ ಒತ್ತಾಯ ಬೇಡ. ತಲೆತಲಾಂತರದಿಂದ ಕಾಪಾಡಿದವರು ಅವರೇ. ಫೋಟೋದ ಒಂದು ಪ್ರತಿ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ಕೊಡಲು ಒಪ್ಪುತ್ತೀರಾ ಅಂತ ಕೇಳಿ. ಮನೆಯ ಹೆಸರು ಹಾಕಬೇಕೇ ಬೇಡವೇ ಅಂತಲೂ ಕೇಳಿ. ಹೆಸರು ಹೊರಗೆ ಬಂದರೆ ಹಳೆಯ ಸಾಮಾನು ಕೊಳ್ಳುವವರು ಬಾಗಿಲಿಗೆ ಬರುತ್ತಾರೆ ಎಂಬ ಹೆದರಿಕೆ ಕೆಲವರಿಗೆ ಇರುತ್ತದೆ. ಅದು ಸುಳ್ಳು ಹೆದರಿಕೆಯಲ್ಲ.

ಕಟ್ಟು ವಾಪಸ್ ಕೊಡುವಾಗ ಮನೆಯವರ ಎದುರೇ ಗರಿ ಎಣಿಸಿ. ನೀವು ಓದಿದ ಪುಷ್ಪಿಕೆಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಅರ್ಥ ಬರೆದು ಅವರಿಗೆ ಕೊಡಿ, ಒಮ್ಮೆ ಓದಿ ಹೇಳಿ. ಆ ಹಾಳೆಯನ್ನು ಗರಿಗಳ ಜೊತೆ ಸುತ್ತಿಡಬೇಡಿ, ಕಾಗದದ ತೇವ, ಶಾಯಿ ಎರಡೂ ಓಲೆಗೆ ಒಳ್ಳೆಯದಲ್ಲ. ಬೇರೆ ಫೈಲಿನಲ್ಲಿ ಹಾಕಿ, ಕಟ್ಟು ಇರುವ ಕಪಾಟಿನಲ್ಲೇ ಇಡಲಿ.